ನಲವತ್ತೇಳನೆಯ ಸಾಲಿನ ಹೆಬ್ಬೆಟ್ಟು

“ಹೇಳ್ಬೇಡಿ ಜಟ್ಟೆಮ್ಮ. ಮಾಡಿ ತೋರ್ಸಿ.”

ಇಷ್ಟು ಹೇಳಿ ಸಾಮಿಯಾ ಬ್ಲಡ್ ಬ್ಯಾಂಕಿನ ಮೂಲೆಯಲ್ಲಿದ್ದ ಮೂರು ಕಾಲಿನ ಸ್ಟೂಲಿನ ಮೇಲೆ ಕೂತಳು. ಬೆನ್ಸನ್ ಟೌನಿನ ಆ ಧರ್ಮಾಸ್ಪತ್ರೆಗೆ ಅವಳು ಹೊಸಬಳಲ್ಲ. ಎರಡು ವರ್ಷದ ಹಿಂದೆ ಇದೇ ಸ್ಟೂಲಿನ ಮೇಲೆ ಇಪ್ಪತ್ತೊಂದು ದಿನ ಕೂತಿದ್ದಳು. ಅಷ್ಟು ದಿನ ಕಾವು ಕೂತರೆ ಕೋಳಿ ಹತ್ತೋ ಹನ್ನೆರಡೋ ಮರಿ ಮಾಡುತ್ತದೆ. ಸಾಮಿಯಾ ಇನ್ನೂರ ಹನ್ನೆರಡು ಸಾಲುಗಳ ಪಟ್ಟಿ ಮಾಡಿಕೊಂಡು ಎದ್ದಿದ್ದಳು.

ಆಸ್ಪತ್ರೆಯೋ ಅಂಗಡಿಯೋ ಕಾಗದ ಬಿಟ್ಟು ಕಂಪ್ಯೂಟರಿಗೆ ಹೋಗುವಾಗ, ಅಲ್ಲಿಯ ಜನ ನಿಜವಾಗಿ ಏನು ಮಾಡುತ್ತಾರೆ, ಅವರಿಗೆ ಏನು ಬೇಕು ಎಂದು ಕೇಳಿ ಬರೆದುಕೊಳ್ಳುವವರು ಒಬ್ಬರು ಬೇಕಾಗುತ್ತದೆ. ಅದು ಸಾಮಿಯಾಳ ಕೆಲಸ. ಶಿವಾಜಿನಗರದ ಗಲ್ಲಿಯಲ್ಲಿ ಹುಟ್ಟಿ, ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಕಲಿತ ಅವಳು ಮೂರು ಭಾಷೆಯಲ್ಲೂ ಬಾಯಿಗಿಂತ ಕಿವಿಯನ್ನೇ ಹೆಚ್ಚು ದುಡಿಸಿದವಳು. ಇಡೀ ದಂಡು ಪ್ರದೇಶದಲ್ಲಿ ಅವಳಷ್ಟು ಚೆನ್ನಾಗಿ ಕೇಳುವವರು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಕಾಣುವುದಿಲ್ಲ. ಅವಳು ಎದುರು ಕೂತು ಸುಮ್ಮನೆ ತಲೆಯಾಡಿಸಿದರೆ ಗೋಡೆ ಗಡಿಯಾರವೂ ತಾನು ಐದು ನಿಮಿಷ ಹಿಂದೆ ಇರುವುದನ್ನು ಒಪ್ಪಿಕೊಳ್ಳಬೇಕು.

ಆದರೆ ಅವಳ ಪಟ್ಟಿಯಿಂದ ಹುಟ್ಟಿದ ಕಂಪ್ಯೂಟರಿನ ಕಣ್ಣೆದುರೇ ಒಂದು ಸಾವು ನಡೆದಿತ್ತು. ಕಳೆದ ಶುಕ್ರವಾರ ಮಧ್ಯಾಹ್ನ ಈ ಕಿಟಕಿಯಿಂದ ಹೋದ ಬಿ ಗುಂಪಿನ ರಕ್ತ, ಓ ಗುಂಪಿನ ಇಮಾಮ್ ಬೀಯವರ ಮೈ ಸೇರಿತ್ತು. ಶನಿವಾರದ ಹೊತ್ತಿಗೆ ಅವರಿರಲಿಲ್ಲ. ಚೀಲ ಕೊಟ್ಟವರು ಮೂವತ್ತು ವರ್ಷ ಇಲ್ಲೇ ಕೆಲಸ ಮಾಡಿದ ಟೆಕ್ನಿಷಿಯನ್ ಗೋವಿಂದಮ್ಮ ಎಂದು ಕಂಪ್ಯೂಟರು ಹೇಳುತ್ತಿತ್ತು. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ವಿಚಾರಣಾ ಸಮಿತಿ. ತಪ್ಪು ಅವರದೊಬ್ಬರದೇ ಎಂದು ಸಮಿತಿ ಬರೆದರೆ, ಗೋವಿಂದಮ್ಮ ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋಗಬೇಕು.

ಅವರನ್ನು ಉಳಿಸುತ್ತೇನೆಂದು ಸಾಮಿಯಾ ತಾನಾಗಿಯೇ ಬಂದಿದ್ದಳು. “ಬೇಡ ಬಿಡು, ಏನೂ ಹುಡುಕ್ಬೇಡ” ಎಂದಿದ್ದರು ಗೋವಿಂದಮ್ಮ. ಸೋತ ಮನಸ್ಸಿನ ಮಾತು ಎಂದುಕೊಂಡು ಸಾಮಿಯಾ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಜೀವನದಲ್ಲಿ ಅವಳು ಕೇಳಿಸಿಕೊಳ್ಳದೇ ಹೋದ ಮಾತು ಅದೊಂದೇ.

ಬಾಗಿಲಲ್ಲಿ ಆಡಳಿತಾಧಿಕಾರಿ ಹಾಶಿಮ್ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ ಮೂರು ಪೆನ್ನು.

“ನಾನೂ ಇರ್ತೀನಲ್ಲ ಮೇಡಂ. ಇವ್ಳಿಗೆ ಸರಿಯಾಗಿ ಹೇಳೋಕ್ ಬರಲ್ಲ. ಏನ್ ಬೇಕೋ ನನ್ನೇ ಕೇಳಿ.”

“ಅದಕ್ಕೇ ನೀವು ಆಚೆ ಇರ್ಬೇಕು ಹಾಶಿಮ್ ಭಾಯ್.”

ಸಾಮಿಯಾಳ ಮೊದಲನೆಯ ನಿಯಮ ಅದು. ಧಣಿಯ ಎದುರು ಆಳನ್ನು ಕೇಳಬಾರದು. ಧಣಿ ಇದ್ದರೆ ಕೆಲಸ ಹೇಗೆ ಆಗಬೇಕೋ ಆ ಕಥೆ ಬರುತ್ತದೆ. ಧಣಿ ಎದ್ದು ಹೋದ ಮೇಲೆ ಕೆಲಸ ಹೇಗೆ ಆಗುತ್ತಿದೆಯೋ ಅದು ಬರುತ್ತದೆ.

ಹಾಶಿಮ್ ಒಂದು ಗಳಿಗೆ ನಿಂತು ನೋಡಿ ಹೊರಗೆ ಹೋದರು. ಬಾಗಿಲು ಮಾತ್ರ ಪೂರ್ತಿ ಮುಚ್ಚಲಿಲ್ಲ. ಸಾಮಿಯಾ ಎದ್ದು ಮುಚ್ಚಿದಳು.

ಜಟ್ಟೆಮ್ಮ ಟೀ ಲೋಟವನ್ನು ಕಿಟಕಿಯ ಮೇಲಿಟ್ಟಳು. ಆಸ್ಪತ್ರೆಯ ಆಯಾ. ದಿನಾ ಬೆಳಿಗ್ಗೆ ಕೆ.ಆರ್. ಪುರದ ಆಚೆಯ ಹಳ್ಳಿಯಿಂದ ಎರಡು ಬಸ್ ಬದಲಿಸಿ ಬರುವವಳು. ಎಡಗೈಯ ನಾಲ್ಕು ಬೆರಳುಗಳ ನಡುವೆಯೇ ಲೋಟ ಹಿಡಿಯುವ ಅವಳ ರೀತಿ ಸಾಮಿಯಾಳಿಗೆ ಹಳೆಯ ಪರಿಚಯ. ಆ ಕೈಯ ಹೆಬ್ಬೆಟ್ಟು ಬುಡದಿಂದಲೇ ಇರಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟು ಬಂದಿದ್ದಳು.

“ಶುಕ್ರವಾರ ಮಧ್ಯಾಹ್ನ ಅಂತ ಇಟ್ಕೊಳ್ಳಿ,” ಎಂದಳು ಸಾಮಿಯಾ. “ಮಂಜೂರ್ ಸಾಹೇಬ್ರು ನಮಾಜಿಗೆ ಹೋಗಿದಾರೆ. ಗೋವಿಂದಮ್ಮ ಎರಡು ಚೀಲ ತೆಗ್ದು ಟ್ರೇನಲ್ಲಿ ಇಟ್ರು. ಈಗ ನೀವು.”

ಯಾವ ಚೀಲವೂ ಒಂದೇ ಜೋಡಿ ಕಣ್ಣು ನೋಡಿ ಹೊರಗೆ ಹೋಗಕೂಡದು ಎಂಬುದು ಈ ಕೋಣೆಯ ಕಟ್ಟಳೆ. ಒಬ್ಬರು ಗೋವಿಂದಮ್ಮ, ಇನ್ನೊಬ್ಬರು ಜೊತೆಯ ಟೆಕ್ನಿಷಿಯನ್ ಮಂಜೂರ್. ಆದರೆ ಶುಕ್ರವಾರ ಜುಮ್ಮಾ ನಮಾಜಿಗೆ ಮಂಜೂರ್ ಶಿವಾಜಿನಗರದ ಮಸೀದಿಗೆ ಹೋದರೆ ಒಂದೂವರೆ ಗಂಟೆ ಬರುವುದಿಲ್ಲ. ಆ ಒಂದೂವರೆ ಗಂಟೆ, ಹತ್ತೊಂಬತ್ತು ವರ್ಷ, ಎರಡನೆಯ ಜೋಡಿ ಕಣ್ಣು ಜಟ್ಟೆಮ್ಮನದಾಗಿತ್ತು.

ಅವಳಿಗೆ ಅಕ್ಷರ ಬಾರದು. ಬಣ್ಣ ಬರುತ್ತಿತ್ತು. ಓ ಗುಂಪಿನ ಚೀಲಕ್ಕೆ ನೀಲಿ ಚೀಟಿ, ಬಿ ಗುಂಪಿಗೆ ಗುಲಾಬಿ, ಎ ಗುಂಪಿಗೆ ಹಳದಿ. ವಾರ್ಡಿನಿಂದ ಬರುವ ಬೇಡಿಕೆ ಚೀಟಿಗೂ ನರ್ಸುಗಳು ಅದೇ ಬಣ್ಣದ ಪಟ್ಟಿ ಅಂಟಿಸುತ್ತಿದ್ದರು. ಜಟ್ಟೆಮ್ಮ ಎರಡನ್ನೂ ಪಕ್ಕಪಕ್ಕ ಹಿಡಿದು, ನೀಲಿಗೆ ನೀಲಿ ಬಂದರೆ ಸರಿ ಎನ್ನುತ್ತಿದ್ದಳು. ಬಾರದಿದ್ದರೆ ಸರ್ಜನ್ ಬಂದು ಕೂಗಾಡಿದರೂ ಚೀಲ ಬಿಡುತ್ತಿರಲಿಲ್ಲ. ಹಾಗೆ ನಾಲ್ಕು ಸಲ ಚೀಲ ತಡೆದಿದ್ದಳು. ಆ ನಾಲ್ವರೂ ಇವತ್ತು ಈ ಊರಿನಲ್ಲಿ ಎಲ್ಲೋ ಬಸ್ಸಿಗೆ ಕಾಯುತ್ತಲೋ, ತರಕಾರಿಗೆ ಚೌಕಾಸಿ ಮಾಡುತ್ತಲೋ ಇದ್ದಾರೆ. ತಮ್ಮ ಆಯುಷ್ಯ ಯಾರ ಕಣ್ಣಿನ ಕೊಡುಗೆಯೆಂಬುದು ಅವರಿಗೆ ಗೊತ್ತಿಲ್ಲ.

ಈಗ ಜಟ್ಟೆಮ್ಮ ಕಂಪ್ಯೂಟರಿನಿಂದ ಬಂದ ಬಿಳಿ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿದಳು. ಮೇಲಿಂದ ಕೆಳಗಿನವರೆಗೆ ಕಪ್ಪು ಅಕ್ಷರ.

“ಇದ್ರಾಗೆ ಬಣ್ಣ ಎಲ್ಲೈತವ್ವ?”

ಸಾಮಿಯಾಳಿಗೆ ಸ್ಟೂಲು ಒಂದು ಕಾಲು ಕಳೆದುಕೊಂಡಂತಾಯಿತು.

“ಎಷ್ಟ್ ದಿನದಿಂದ ಇಲ್ಲ?”

“ಕಂಪ್ಯೂಟ್ರು ಬಂದಾಗಿಂದ.”

“ಯಾರಿಗೂ ಹೇಳ್ಲಿಲ್ವಾ?”

“ಯಾರ್ ಕೇಳಿದ್ರು?” ಜಟ್ಟೆಮ್ಮನ ದನಿಯಲ್ಲಿ ದೂರು ಇರಲಿಲ್ಲ. “ಗೋವಿಂದಕ್ಕಂಗೆ ಒಂದ್ಸಲ ಹೇಳ್ದೆ. ‘ಇನ್ಮೇಲೆ ನೀನ್ ನೋಡೋದ್ ಬ್ಯಾಡ ಜಟ್ಟಿ, ಅದೇ ನೋಡ್ಕೊಳ್ತದೆ’ ಅಂದ್ಲು. ಎರಡ್ನೇ ಕಣ್ಣು ಬೇಕು ಅಂತ ಅದು ಕೇಳ್ದಾಗೆಲ್ಲ ಮಂಜೂರಣ್ಣನ ಗುಟ್ಟಿನ ಪದಾನ ಅವ್ಳೇ ಒತ್ತಾಳೆ. ಸರಿ ಬಿಡು ಅಂತ ನಾನ್ ನೆಲ ಒರ್ಸ್ಕೊಂಡಿದ್ದೆ.”

ಜಟ್ಟೆಮ್ಮ ಬಿಳಿ ಚೀಟಿಯನ್ನು ಟ್ರೇ ಮೇಲಿಟ್ಟಳು.

“ಅವತ್ತೂ ಇಲ್ಲೇ ಇದ್ದೆ ಕಣವ್ವ. ಎರಡು ಚೀಟಿ ಒಟ್ಗೇ ಬಂದ್ವು. ಎರಡು ಚೀಲ ಹೋದ್ವು. ಆ ಗುಲಾಬಿ ಚೀಲ ನನ್ ಕಣ್ಮುಂದೇನೇ ಹೋಯ್ತು.”

ವಾರ್ಡಿನಲ್ಲಿ ನರ್ಸ್ ನೋಡಿದ್ದು ಅದಲುಬದಲಾಗಿ ಚೀಲಕ್ಕೆ ಕಟ್ಟಿದ್ದ ಚೀಟಿಯನ್ನು ಮಾತ್ರ. ಚೀಟಿ ಇಮಾಮ್ ಬೀಯವರದ್ದೇ ಆಗಿತ್ತು.

ಸಾಮಿಯಾ ಹೆಗಲಚೀಲದಿಂದ ತನ್ನ ಹಳೆಯ ನೋಟ್‌ಬುಕ್ಕನ್ನು ತೆಗೆದಳು. ಪ್ರತಿ ಸಾಲಿನ ಎದುರು ಅದನ್ನು ಹೇಳಿದವರ ಸಹಿ ಇತ್ತು. ನಲವತ್ತೇಳನೆಯ ಸಾಲು ಹೀಗಿತ್ತು: ‘ವಾರ್ಡಿನ ಚೀಟಿಯ ಮೇಲೆ ರಕ್ತದ ಗುಂಪಿನ ಬಣ್ಣ ಇರಲೇಬೇಕು. ಕಾರಣ: ಶುಕ್ರವಾರ ಮಧ್ಯಾಹ್ನ ಎರಡನೆಯ ತಪಾಸಣೆ ಮಾಡುವ ಜಟ್ಟೆಮ್ಮ ಅಕ್ಷರ ಓದುವುದಿಲ್ಲ, ಬಣ್ಣ ನೋಡುತ್ತಾರೆ.’ ಅದರ ಎದುರು ನೇರಳೆ ಶಾಯಿಯಲ್ಲಿ ಜಟ್ಟೆಮ್ಮನ ಬಲಗೈ ಹೆಬ್ಬೆಟ್ಟು. ಎಡಗೈದು ಇಲ್ಲವಲ್ಲ ಎಂದು ಅವಳು ನಾಚಿಕೊಂಡು ಬಲಗೈ ಚಾಚಿದ್ದು ಸಾಮಿಯಾಳಿಗೆ ನೆನಪಿತ್ತು.

ಬರೆದದ್ದು ಸುಳ್ಳಲ್ಲ. ಹಾಗಾದರೆ ಕಟ್ಟಿದ ಕಂಪ್ಯೂಟರಿನಲ್ಲಿ ಅದು ಯಾಕಿಲ್ಲ?

ಅವಳ ಎರಡನೆಯ ನಿಯಮ ಮೊದಲನೆಯದಕ್ಕಿಂತ ಗಟ್ಟಿ. ಪಟ್ಟಿಯ ಒಂದು ಸಾಲನ್ನು ಹೊಡೆದುಹಾಕಬೇಕಾದರೆ, ಆ ಸಾಲನ್ನು ಹೇಳಿದವರ ಒಪ್ಪಿಗೆ ಗುರುತು ಕಾಗದದ ಮೇಲೆ ಬೇಕು. ಡೈರೆಕ್ಟರೇ ಬರಲಿ, ದೇವರೇ ಬರಲಿ, ಹೇಳಿದವರ ಗುರುತಿಲ್ಲದೆ ಅಲ್ಪವಿರಾಮವೂ ಅಲುಗಬಾರದು. ಈ ನಿಯಮದ ಬಗ್ಗೆ ಅವಳಿಗೆ ಇದ್ದ ಹೆಮ್ಮೆಯನ್ನು ತೂಗಲು ರಸೆಲ್ ಮಾರ್ಕೆಟ್ಟಿನ ಅಷ್ಟೂ ತಕ್ಕಡಿಗಳು ಸಾಲವು.

ಅಂದರೆ ಎಲ್ಲೋ ಒಂದು ಕಾಗದ ಇದೆ. ಆ ಕಾಗದ ಸಿಕ್ಕರೆ, ಎರಡನೆಯ ಕಣ್ಣನ್ನು ಕಿತ್ತವರು ಬೇರೆ ಯಾರೋ ಎಂದು ತೋರಿಸಬಹುದು. ಗೋವಿಂದಮ್ಮ ಉಳಿಯುತ್ತಾರೆ.

ಹೊರಡುವಾಗ ಅವಳ ಕಣ್ಣು ಮೈಕ್ರೋಸ್ಕೋಪಿನ ಪಕ್ಕದ ಗಾಜಿನ ಸ್ಲೈಡುಗಳ ಮೇಲೆ ಬಿತ್ತು. ಎರಡು ವರ್ಷದ ಹಿಂದೆ ಅವಳು ಅವನ್ನು ಮುಟ್ಟಲು ಹೋದಾಗ ಗೋವಿಂದಮ್ಮ ತಮ್ಮ ಎಡಗೈ ಹೆಬ್ಬೆಟ್ಟು ತೋರಿಸಿದ್ದರು. ಅಂಚಿನಿಂದ ಅಂಚಿಗೆ ಓರೆಯಾಗಿ ಒಂದು ಹಳೆಯ ಗಾಯ. “ಕೆಲ್ಸಕ್ ಸೇರಿದ ಮೊದಲ್ನೇ ವಾರ ಕುಯ್ಕೊಂಡಿದ್ದು. ಈ ರೂಮಲ್ಲಿ ಗಡಿಬಿಡಿ ಮಾಡಿದ್ರೆ ರಕ್ತ ಮೊದ್ಲು ನಮ್ದೇ ಸುರಿಯತ್ತೆ, ಸಾಮಿಯಾ.”

*

“ಆಫೀಸಿಗೆ ಬರ್ಬೇಡ,” ಎಂದಿದ್ದ ಮುರಳಿ ಫೋನಿನಲ್ಲಿ.

ಮುರಳಿ ಸಾಮಿಯಾಳ ಹಳೆಯ ಕಂಪನಿಯ ಪ್ರಾಜೆಕ್ಟ್ ಮ್ಯಾನೇಜರ್. ಆಸ್ಪತ್ರೆಗೆ ಕಂಪ್ಯೂಟರ್ ವ್ಯವಸ್ಥೆ ಕಟ್ಟಿಕೊಟ್ಟವನು. ಗಿರಾಕಿ ಏನು ಬೇಕೆಂದು ಹೇಳಿ ಮುಗಿಸುವ ಮೊದಲೇ ಮುಗಿಸಿಕೊಡುವ ತಾರೀಖು ಹೇಳಿಬಿಡುವ ಪೈಕಿ. ಅವನ ಕಂಪನಿ ಇದ್ದದ್ದು ಸಿ.ವಿ. ರಾಮನ್ ನಗರದ ಗಾಜಿನ ಕಟ್ಟಡದಲ್ಲಿ. ಗಾಜು ಎಷ್ಟು ತೆಳುವೆಂದರೆ ಐದನೆಯ ಮಹಡಿಯಲ್ಲಿ ಪಿಸುಗುಟ್ಟಿದರೆ ಎಚ್‌ಆರ್‌ನವರಿಗೆ ಹೊಟ್ಟೆನೋವು ಬರುತ್ತಿತ್ತು. ಹಾಗಾಗಿ ಒಂದು ಗಂಟೆಗೆ ಇಬ್ಬರೂ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ದರ್ಶಿನಿಯಲ್ಲಿ, ಎತ್ತರದ ಮೇಜಿನ ಎರಡು ಬದಿಗೆ ನಿಂತಿದ್ದರು.

“ರವೆ ಇಡ್ಲಿ ತಗೋ. ಇಲ್ಲಿ ಚೆನ್ನಾಗಿರತ್ತೆ.”

“ನಲವತ್ತೇಳು ಎಲ್ಲಿ ಮುರಳಿ?”

“ಟೋಕನ್ನಾ?”

“ಲೈನು.”

ಮುರಳಿ ಚಟ್ನಿಯನ್ನು ಇಡ್ಲಿಗೆ ನಿಧಾನವಾಗಿ ಸವರಿದ. ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವರು ಯಾವ ಲೈನು ಎಂದು ಕೇಳುತ್ತಾರೆ.

“ಕಲರ್ ಪ್ರಿಂಟರ್ ತಲೆನೋವು, ಬೇಡ ಬೇಡ ಅಂತ ಅವತ್ತೇ ಗೊಣಗ್ತಿದ್ದೆ,” ಎಂದಳು ಸಾಮಿಯಾ. “ನಾನು ಆಚೆ ಹೋಗೋದನ್ನೇ ಕಾದಿದ್ದು ತೆಗ್ದ್‌ಹಾಕ್ಬಿಟ್ಯಾ?”

“ಗೊಣಗಿದ್ದು ಹೌದು ತಾಯಿ. ತೆಗಿ ಅಂದಿದ್ದು ನಾನಲ್ಲ.”

“ಪಟ್ಟಿಗೆ ಕೈ ಹಾಕೋಕೆ ಇನ್ಯಾರಿಗೆ ಆಗ್ತಿತ್ತು?”

“ಎರಡೇ ಐಡಿ ಇದ್ದಿದ್ದು. ನಂದೊಂದು, ನಿಂದೊಂದು. ನಿಂದು ನೀನ್ ಬಿಟ್ಟೋದ ದಿನಾನೇ ಮೇಲ್ ಸಮೇತ ಕ್ಲೋಸ್ ಮಾಡ್ಸಿದೀನಿ.”

ಅವಳು ಬಿಟ್ಟ ದಿನ ಮೇ ಮೂವತ್ತೊಂದು. ಪಟ್ಟಿಗೆ ಎಲ್ಲರ ಸಹಿಯೂ ಬಿದ್ದ ಮರುವಾರ. ಲ್ಯಾಪ್‌ಟಾಪು, ಕೊರಳಿನ ಕಾರ್ಡು ಒಪ್ಪಿಸಿ, ಶಿವಾಜಿನಗರದ ಬೇಕರಿಯ ಖಾರಾ ಬನ್ ಎಲ್ಲರಿಗೂ ಹಂಚಿ ಬಂದಿದ್ದಳು.

“ಅಂದ್ರೆ ನೀನೇ ಆಯ್ತಲ್ಲ ಗುರು.”

“ಡಿಲೀಟ್ ಬಟನ್ ಒತ್ತಿದ್ದು ನಾನು. ಒತ್ತೋಕೆ ಪೇಪರ್ ಇತ್ತು.” ಮುರಳಿ ಟಿಶ್ಯೂವಿನಲ್ಲಿ ಬೆರಳೊರೆಸಿಕೊಂಡು ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಫೋಲ್ಡರ್ ತೆಗೆದ. “ನಿನ್ ರೂಲೇ. ಹೇಳಿದವ್ರ ಗುರುತು ಬೇಕು ಅಂತ ಹೇಳಿ ಹೇಳಿ ನಮ್ ಪ್ರಾಣ ತಿಂದಿದ್ಯಲ್ಲ. ನೋಡು, ಇದೆ.”

ಒಂದೇ ಪುಟ. ‘ನಲವತ್ತೇಳನೆಯ ಸಾಲನ್ನು ತೆಗೆಯಲು ನನ್ನ ಒಪ್ಪಿಗೆ ಇದೆ. ಚೀಟಿಯ ಮೇಲೆ ಬಣ್ಣ ನನಗೆ ಬೇಕಾಗಿಲ್ಲ.’ ಕೆಳಗೆ ಆಸ್ಪತ್ರೆಯ ಮೊಹರು. ತಾರೀಖು ಜೂನ್ ಹದಿನಾಲ್ಕು. ಮೊಹರಿನ ಪಕ್ಕದಲ್ಲಿ ಜಟ್ಟೆಮ್ಮ ಎಂದು ಬರೆದು, ನೇರಳೆ ಶಾಯಿಯ ಒಂದು ದೊಡ್ಡ ಹೆಬ್ಬೆಟ್ಟು.

ಸಾಮಿಯಾಳ ಎದೆ ಒಂದು ಕ್ಷಣ ಹಗುರಾಯಿತು. ಸಿಕ್ಕಿತ್ತು. ಎರಡನೆಯ ಕಣ್ಣನ್ನು ಕಾಗದ ಮಾಡಿ ಕಿತ್ತಿದ್ದರು. ಗೋವಿಂದಮ್ಮ ಒಬ್ಬರನ್ನೇ ಬಲಿ ಕೊಡಲು ಇನ್ನು ಯಾರಿಗೂ ಆಗುವುದಿಲ್ಲ.

“ನಾಳೆ ನಮ್ ಲಾಯರ್ ಇದನ್ನೇ ಕಮಿಟಿಗೆ ಕೊಡೋದು,” ಎಂದ ಮುರಳಿ. “ನಾನ್ ಸೇಫ್. ನಿಮ್ ಗೋವಿಂದಮ್ಮನೂ ಹೆಚ್ಚೂ ಕಮ್ಮಿ ಸೇಫ್. ಓದೋಕ್ ಬರ್ದೇ ಇರೋ ಆಯಾ ಬ್ಲಡ್ ಚೆಕ್ ಮಾಡ್ತಿದ್ಲು, ಆಮೇಲೆ ತಾನೇ ಬೇಡ ಅಂದ್ಲು ಅಂತ ಗೊತ್ತಾದ್ರೆ ಕಮಿಟಿ ಹಿಡಿಯೋದು ಅವಳ್ನ.”

“ಜಟ್ಟೆಮ್ಮನ್ನ.”

“ಯಾರೋ ಒಬ್ರು ಬೇಕಲ್ಲ ಸಾಮಿಯಾ.”

ಹೊರಗೆ ಸೊಪ್ಪಿನ ಗಾಡಿಯವಳು ಕೂಗುತ್ತ ಹೋದಳು. ಸಾಮಿಯಾ ಕಾಗದವನ್ನು ಬೆಳಕಿಗೆ ಹಿಡಿದಳು. ಅಚ್ಚು ಎಷ್ಟು ಸೊಗಸಾಗಿತ್ತೆಂದರೆ ಶಾಯಿ ಇನ್ನೂ ಒದ್ದೆಯಿದೆಯೇನೋ ಎನಿಸುತ್ತಿತ್ತು.

“ಲಾಯರಿಗೆ ಕೊಡೋಕೆ ಕಲರ್ ಪ್ರಿಂಟ್ ತೆಗ್ಸಿದೀಯ.”

ಮುರಳಿ ಚಮಚದಿಂದ ಇಡ್ಲಿಯ ಇನ್ನೊಂದು ತುಂಡು ಮುರಿದ.

ಹೆಬ್ಬೆಟ್ಟಿನ ಕೆಳಗೆ ಸಣ್ಣ ಅಚ್ಚಿನಲ್ಲಿ ಒಂದು ಸಾಲಿತ್ತು: ಎಡಗೈ ಹೆಬ್ಬೆಟ್ಟಿನ ಗುರುತು. ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಇಡ್ಲಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಇದನ್ನ ಒತ್ತುವಾಗ ನೀನು ನೋಡಿದ್ಯಾ?”

“ಇಲ್ಲ. ಆಸ್ಪತ್ರೆಯಿಂದ ಸ್ಕ್ಯಾನ್ ಆಗಿ ಬಂತು. ಮೊಹರಿತ್ತು, ಹೆಬ್ಬೆಟ್ಟಿತ್ತು. ಇನ್ನೇನ್ ಬೇಕು?”

“ಜಟ್ಟೆಮ್ಮನ್ನ ಯಾವತ್ತಾದ್ರೂ ನೋಡಿದೀಯಾ?”

“ನೋಡಿರ್ತೀನಿ. ನೆಲ ಒರೆಸ್ತಿರ್ತಾರಲ್ಲ.”

“ಅವ್ರ ಕೈ?”

“ಕೈ ಯಾಕ್ ನೋಡ್ಲಿ?”

“ಅವ್ರಿಗೆ ಎಡಗೈ ಹೆಬ್ಬೆಟ್ಟೇ ಇಲ್ಲ ಮುರಳಿ.”

ಮುರಳಿಯ ಕೈಯಲ್ಲಿದ್ದ ಚಮಚ ಬಾಯಿಗೂ ತಟ್ಟೆಗೂ ನಡುವೆ ನಿಂತಿತು. ತಿಪ್ಪಸಂದ್ರದ ಅಷ್ಟೂ ಆಟೋಗಳು ಒಟ್ಟಿಗೆ ಹಾರ್ನ್ ಹೊಡೆದಿದ್ದರೂ ಅವನಿಗೆ ಕೇಳುತ್ತಿರಲಿಲ್ಲ.

ಸಾಮಿಯಾ ನೋಟ್‌ಬುಕ್ಕು ತೆಗೆದು ಕಾಗದದ ಪಕ್ಕ ಇಟ್ಟಳು. “ಇದು ಅವ್ರದ್ದು. ಬಲಗೈ. ನನ್ನೆದುರಿಗೆ ಹಾಕಿದ್ದು. ನಾಳೆ ನಿನ್ ಲಾಯರ್ ಈ ಕಾಗದ ಕೊಟ್ಟ ಐದೇ ನಿಮಿಷಕ್ಕೆ ಕಮಿಟಿಯವ್ರು ಜಟ್ಟೆಮ್ಮನ್ನ ಕರ್ದು ಕೈ ತೋರ್ಸು ಅಂತಾರೆ. ಆಮೇಲೆ ಸುಳ್ಳು ಕಾಗದ ಕೊಟ್ಟಿದ್ದಕ್ಕೆ ನಿನ್ನ ಕರೀತಾರೆ.”

“ಹಾಗಾದ್ರೆ ಇದು ಯಾರ್ದು?” ಮುರಳಿಯ ದನಿ ತಗ್ಗಿತ್ತು. “ಹಾಶಿಮ್? ಮೊಹರು ಇರೋದು ಅವ್ರ ಟೇಬಲ್ ಮೇಲೇನೇ. ಲೈಸೆನ್ಸ್ ಇನ್‌ಸ್ಪೆಕ್ಷನ್ ಅಂತ ಆ ತಿಂಗಳೆಲ್ಲ ತಲೆ ಕೆಡಿಸ್ಕೊಂಡಿದ್ರು.”

ಸಾಮಿಯಾ ಕೇಳಿಸಿಕೊಂಡಳು. ಆದರೆ ಅವಳ ಕಣ್ಣು ಹೆಬ್ಬೆಟ್ಟಿನ ಮೇಲೇ ಇತ್ತು. ಸುರುಳಿಸುರುಳಿ ಗೆರೆಗಳ ನಡುವೆ, ಅಂಚಿನಿಂದ ಅಂಚಿಗೆ, ಓರೆಯಾಗಿ ಒಂದು ಬಿಳಿ ದಾರಿ ಹಾದುಹೋಗಿತ್ತು. ಶಾಯಿ ಹತ್ತದ ಜಾಗ. ಹಳೆಯ ಗಾಯದ ಜಾಗ.

ಅವಳು ಮುರಳಿಗೆ ಏನೂ ಹೇಳಲಿಲ್ಲ. ಕಾಗದವನ್ನು ಮಡಿಸಿ ನೋಟ್‌ಬುಕ್ಕಿನೊಳಗಿಟ್ಟಳು.

“ಏಯ್, ಅದು ನನ್ ಕಾಪಿ.”

“ಇನ್ನೊಂದ್ ಪ್ರಿಂಟ್ ತೆಗಿ. ಕಲರ್ ಇದ್ಯಲ್ಲ.”

*

ಹಲಸೂರಿನ ಆ ಓಣಿಯಲ್ಲಿ ಎರಡು ಸ್ಕೂಟರ್ ಎದುರುಬದುರಾದರೆ ಒಂದು ಹಿಂದೆ ಹೋಗಿ ಮದುವೆ ಮುಂಜಿ ಮುಗಿಸಿ ಬರಬೇಕು. ಸಾಮಿಯಾ ಸ್ಕೂಟರನ್ನು ಓಣಿಯ ಬಾಯಲ್ಲೇ ಬಿಟ್ಟು ನಡೆದಳು. ಗಂಟೆ ನಾಲ್ಕಾಗಿತ್ತು. ಗೋವಿಂದಮ್ಮನ ಮನೆಯ ಬಾಗಿಲು ತೆರೆದಿತ್ತು.

ಗೋವಿಂದಮ್ಮ ಮೇಜಿನ ಮೇಲೆ ಕಂಬಳಿ ಹಾಸಿ ಬಿಳಿ ಕೋಟಿಗೆ ಇಸ್ತ್ರಿ ಮಾಡುತ್ತಿದ್ದರು. ಆಸ್ಪತ್ರೆಯ ಕೋಟು. ಅಮಾನತ್ತಾದವರು ಅದನ್ನು ಹಾಕಿಕೊಳ್ಳುವಂತಿಲ್ಲ.

“ನಾಳೆಗೆ,” ಎಂದರು, ಅವಳ ನೋಟವನ್ನು ನೋಡಿ. “ಮೂವತ್ತು ವರ್ಷ ಇದಿಲ್ದೇ ಆ ಮನುಷ್ಯರ ಮುಂದೆ ನಿಂತಿಲ್ಲ. ನಾಳೇನೂ ನಿಲ್ಲಲ್ಲ. ಕೂತ್ಕೋ. ಕಾಫಿ ಮಾಡ್ತೀನಿ.”

“ಬೇಡ ಅಮ್ಮ.”

ಅವಳು ಅವರನ್ನು ಮೊದಲಿನಿಂದ ಕರೆಯುತ್ತಿದ್ದದ್ದು ಹಾಗೆಯೇ. ಸ್ವಂತ ತಾಯಿಯನ್ನು ಅಮ್ಮೀ ಎನ್ನುತ್ತಿದ್ದಳು. ಈ ಊರಿನಲ್ಲಿ ಅಮ್ಮ ಎಂದು ಅವಳು ಕರೆದದ್ದು ಗೋವಿಂದಮ್ಮ ಒಬ್ಬರನ್ನೇ.

ಗೋವಿಂದಮ್ಮನ ಬಲಗೈಯಲ್ಲಿ ಇಸ್ತ್ರಿಪೆಟ್ಟಿಗೆ. ಎಡಗೈ ಕೋಟಿನ ತೋಳನ್ನು ನೀವಿ ನೀವಿ ಸಮ ಮಾಡುತ್ತಿತ್ತು. ಆ ಹೆಬ್ಬೆಟ್ಟು ಬಟ್ಟೆಯ ಮೇಲೆ ಹಿಂದೆ ಮುಂದೆ ಸರಿಯುವುದನ್ನು ಸಾಮಿಯಾ ನೋಡುತ್ತ ನಿಂತಳು. ಕೇಳುವುದರಲ್ಲಿ ಪಳಗಿದವಳು, ಲೋಕಕ್ಕೇ ಪ್ರಶ್ನೆ ಹಾಕಿ ಉತ್ತರ ತೆಗೆದವಳು, ಈಗ ಬಾಯಿ ತೆರೆಯಲು ಹಿಂದೆಗೆದಳು. ಕಾಗದವನ್ನು ಬಿಡಿಸಿ ಕೋಟಿನ ಪಕ್ಕ ಇಟ್ಟಳು, ಅಷ್ಟೆ.

ಗೋವಿಂದಮ್ಮ ನೋಡಿದರು. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. ಆಮೇಲೆ ಎಡಗೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡರು.

“ಹುಡುಕ್ಬೇಡ ಅಂದಿದ್ದೆ.”

“ಜಟ್ಟೆಮ್ಮನ ಹೆಸ್ರಲ್ಲಿ ನೀವ್ಯಾಕೆ ಒತ್ತಿದ್ರಿ ಅಮ್ಮ?”

ಸೆರಗಿನೊಳಗಿಂದ ಕೈ ಹೊರಬಂತು. ಗೋವಿಂದಮ್ಮ ಅದನ್ನು ಕಾಗದದ ಪಕ್ಕ, ಅಂಗೈ ಮೇಲೆ ಮಾಡಿ ಇಟ್ಟರು. ಅದೇ ಬಿಳಿ ದಾರಿ ಎರಡರಲ್ಲೂ ಇತ್ತು, ಕನ್ನಡಿಯಲ್ಲಿ ನೋಡಿದಂತೆ ಎದುರುಬದುರು ಓರೆಯಾಗಿ.

“ಇನ್‌ಸ್ಪೆಕ್ಷನ್‌ನವ್ರು ಬರೋರಿದ್ರು. ನಿನ್ ಪಟ್ಟಿ ಅವ್ರ ಕೈಗ್ ಹೋಗತ್ತೆ ಅಂತ ಗೊತ್ತಾಯ್ತು. ಅದ್ರಲ್ಲಿ ಏನಿತ್ತು? ಅಕ್ಷರ ಬರ್ದೇ ಇರೋ ಆಯಾ ರಕ್ತ ನೋಡ್ತಾಳೆ. ಹೆಸ್ರು ಸಮೇತ ಇತ್ತು. ಅವತ್ತೇ ಅವಳ್ನ ಆಚೆ ಹಾಕ್ತಿದ್ರು.”

ಇನ್ನೂರ ಹನ್ನೆರಡು ಸಾಲಿಗೂ ಹೆಸರು ಬರೆದದ್ದು ಸಾಮಿಯಾ. ಅದು ಹೇಳಿದವರಿಗೆ ಕೊಡುವ ಮರ್ಯಾದೆ ಎಂದುಕೊಂಡಿದ್ದಳು.

“ಅವ್ರನ್ನೇ ಕೇಳ್ಬಹುದಿತ್ತು.”

“ಕೇಳಿದ್ರೆ ಒಪ್ತಿರ್ಲಿಲ್ಲ. ಬಣ್ಣ ಇದ್ರೇನೇ ಅವ್ಳು ನೋಡೋದು. ನೋಡೋದು ಅವ್ಳಿಗೆ ಪ್ರಾಣ.” ಗೋವಿಂದಮ್ಮ ಕೋಟಿನ ಕಾಲರ್ ಮಡಿಸಿದರು, ಬಿಡಿಸಿದರು. “ನನ್ನೊಬ್ಬಳ ಕಣ್ಣು ಸಾಕು ಅಂದ್ಕೊಂಡೆ. ಎರಡ್ ವರ್ಷ ಸಾಕಾಯ್ತು. ಹೋದ ಶುಕ್ರವಾರ ಸಾಕಾಗ್ಲಿಲ್ಲ. ಆ ಇಮಾಮ್ ಬೀ ಕಿಟಕಿ ಹತ್ರ ಬಂದು ‘ಸೂಜಿ ನೋಯತ್ತಾ ಬೇಟಾ’ ಅಂತ ನನ್ನೇ ಕೇಳಿದ್ರು ಹಿಂದಿನ್ ದಿನ.”

ಸಾಮಿಯಾ ಕಾಗದವನ್ನು ನೋಡಿದಳು. ಇದನ್ನು ನಾಳೆ ಇದ್ದ ಹಾಗೆ ಬಿಟ್ಟರೆ ಜಟ್ಟೆಮ್ಮನ ತಲೆಗೆ ಬರುತ್ತದೆ. ನಿಜ ಹೇಳಿದರೆ, ರಕ್ತದ ತಪ್ಪಿನ ಜೊತೆಗೆ ಸುಳ್ಳು ಹೆಬ್ಬೆಟ್ಟಿನ ತಪ್ಪೂ ಗೋವಿಂದಮ್ಮನ ಮೇಲೆ ಬೀಳುತ್ತದೆ. ಉಳಿಸಲು ಹೊರಟವಳು ಉರುಳನ್ನು ತಾನೇ ಹೊತ್ತು ತಂದಿದ್ದಳು.

“ಜಟ್ಟೆಮ್ಮಂಗೆ ಎಡಗೈ ಹೆಬ್ಬೆಟ್ಟಿಲ್ಲ ಅಂತ ನಿಮ್ಗೆ ಗೊತ್ತಿತ್ತು ಅಮ್ಮ. ಬಲಗೈದು ಒತ್ತಿದ್ರೆ ಯಾರೂ ಹಿಡೀತಿರ್ಲಿಲ್ಲ.”

“ಬೇಕಂತಲೇ ಎಡಗೈದು ಒತ್ತಿದ್ದು. ಗಾಯ ಕಾಣೋ ಹಾಗೆ. ಒತ್ತಿದ್ದು ಜಟ್ಟಿ ಅಲ್ಲ, ಗೋವಿಂದಮ್ಮ ಅಂತ ನಿನ್ಗೊಬ್ಬಳಿಗೆ ಗೊತ್ತಾಗ್ಲಿ ಅಂತ.”

“ನನ್ಗ್ಯಾಕೆ?”

ಗೋವಿಂದಮ್ಮ ಈಗ ಅವಳ ಮುಖವನ್ನು ನೇರವಾಗಿ ನೋಡಿದರು. ಆ ನೋಟದಲ್ಲಿ ಮೊದಲ ಬಾರಿಗೆ ಗೊಂದಲವಿತ್ತು.

“ಹೆಬ್ಬೆಟ್ಟು ಹಾಕ್ಸಿ ಕೊಡಿ ಅಂತ ಕೇಳಿದ್ದು ನೀನೇ ಅಲ್ವಾ?”

ಅವರು ಹೋಗಿ ಗೋಡೆಯ ಕಪಾಟಿನಿಂದ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರ್ ತೆಗೆದರು. ಅದರ ಹಿಂದೆ ನಾಲ್ಕು ಮಡಿಕೆಯ ಒಂದು ಕಾಗದ. ಗೋವಿಂದಮ್ಮನ ಹೆಸರಿಗೆ ಬಂದ ಮೇಲ್‌ನ ಪ್ರಿಂಟು. ಕಳಿಸಿದವರ ಜಾಗದಲ್ಲಿ ಸಾಮಿಯಾಳ ಹೆಸರು, ಹಳೆಯ ಕಂಪನಿಯ ಅವಳದೇ ವಿಳಾಸ.

‘ಅಮ್ಮ, ನಲವತ್ತೇಳನೆಯ ಸಾಲು ಹಾಗೇ ಉಳಿದರೆ ಜಟ್ಟೆಮ್ಮನ ಕೆಲಸ ಹೋಗುತ್ತದೆ. ಜೊತೆಗಿರುವ ಕಾಗದದ ಮೇಲೆ ಅವರ ಹೆಬ್ಬೆಟ್ಟು ಹಾಕಿಸಿ ಆಫೀಸಿಗೆ ಕೊಡಿ. ಇದರ ಬಗ್ಗೆ ಫೋನಿನಲ್ಲಿ ಮಾತು ಬೇಡ. ನನ್ನನ್ನೂ ಕೇಳಬೇಡಿ. — ಸಾಮಿಯಾ.’

ತಾರೀಖು ಜೂನ್ ಹನ್ನೊಂದು. ಇದನ್ನು ಅವಳು ಬರೆದಿರಲಿಲ್ಲ; ಆ ಹೊತ್ತಿಗೆ ಅವಳು ಕಂಪನಿ ಬಿಟ್ಟು ಹನ್ನೊಂದು ದಿನವಾಗಿತ್ತು. ಆ ಐಡಿಯನ್ನು ಬಿಟ್ಟ ದಿನವೇ ಮುಚ್ಚಿಸಿದ್ದೇನೆ ಎಂದು ಇಡ್ಲಿ ತಿನ್ನುತ್ತ ಹೇಳಿದವನ ಮಾತು ಇನ್ನೂ ಅವಳ ಕಿವಿಯಲ್ಲಿತ್ತು.

ಅವಳ ಕಣ್ಣು ಮತ್ತೆ ಮೊದಲನೆಯ ಪದಕ್ಕೆ ಹೋಯಿತು. ಅಮ್ಮ. ಅವಳು ಹಾಗೆ ಕರೆಯುವುದನ್ನು ಯಾರು ಯಾರು ಕೇಳಿಸಿಕೊಂಡಿದ್ದರು?

“ನಿನ್ ಹೆಸ್ರು ಬರ್ಬಾರ್ದು ಅಂತ ಇಷ್ಟ್ ದಿನ ಬಾಯ್ ಬಿಡ್ಲಿಲ್ಲ,” ಎಂದರು ಗೋವಿಂದಮ್ಮ. ಕೋಟನ್ನು ಮಡಿಸಿ ಅದರ ಮೇಲೆ ಆ ಕಾಗದವನ್ನು ಇಟ್ಟರು. “ನಂಗೆ ಉಳ್ಕೊಳ್ಳೋಕೆ ಇರೋದು ಇದೊಂದೇ. ನೀನ್ ಬೇಡ ಅಂದ್ರೆ ಒಲೆಗ್ ಹಾಕ್ತೀನಿ. ಹೇಳು ಸಾಮಿಯಾ. ನಾಳೆ ಇದನ್ನ ಕಮಿಟಿಗೆ ಕೊಡ್ಲಾ?”